ಅವ್ವ ಕಳಿಸಿದ ಅಂಟಿನುಂಡಿ

ಚೊಚ್ಚಲ ಬಸುರಿಯಾದಾಗ ನಾನಿದ್ದದ್ದು ಶಾರ್ಜಾದ ಒಂದು ಅರ್ಧ ಮನೆಯಲ್ಲಿ. ಅರ್ಧ ಮನೆ ಅಂದರೆ ಅರ್ಧ ಕಟ್ಟಿ ಬಿಟ್ಟದ್ದಲ್ಲ. ಮೂರನೇ ಅಂತಸ್ತಿನ ಆ ಫ್ಲ್ಯಾಟಿನಲ್ಲಿ ಎರಡು ಕೋಣೆ, ಒಂದು ಅಡಿಗೆಮನೆ, ಒಂದು ಬಾಲ್ಕನಿ. ಒಂದು ಕೋಣೆ ನಮಗೆ, ಇನ್ನೊಂದು ಲಕ್ಷ್ಮೇಶ್ವರದ ಗಂಡಹೆಂಡಿರಿಗೆ. ಅಡಿಗೆಮನೆ ಇಬ್ಬರಿಗೂ ಸೇರಿ. ಬಾಡಿಗೆ ಹೊರಲಾರದವರೆಲ್ಲ ಅಲ್ಲಿ ಹೀಗೇ ಇರುತ್ತಾರೆ. ಮದುವೆಯಾಗಿ ಹೊಸದಾಗಿ ಹೋದ ನನಗೆ ಇದು ಗೊತ್ತಿರಲಿಲ್ಲ. "ನಮ್ಮ ಮನೆ" ಅಂತ ನನ್ನ ಗಂಡ ಬಾಗಿಲು ತೆರೆದರೆ ಒಳಗೆ ಯಾರೋ ಹೆಂಗಸು ಒಲೆಯ ಮುಂದೆ ನಿಂತು ಒಗ್ಗರಣೆ ಹಾಕುತ್ತಿದ್ದಾಳೆ! ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಕೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿ, "ಬಾ ಮಗಳ, ಯಾವ ಊರು ನಿಂದು?" ಅಂದರು.

"ಬೆಟಗೇರಿ" ಅಂದೆ, ಮುಖ ಗಂಟು ಹಾಕಿಕೊಂಡೇ.

"ಅಯ್ಯ, ನಮ್ಮ ಹಿತ್ತಲಽ ಆತಲ್ಲ ಹಂಗಾದ್ರ!"

ಊರಲ್ಲಿದ್ದಾಗ ಬೆಟಗೇರಿಯವರು ಲಕ್ಷ್ಮೇಶ್ವರದವರನ್ನು ನಮ್ಮೂರಿನವರು ಅಂದದ್ದನ್ನು ನಾನು ಕೇಳಿಲ್ಲ. ನಡುವೆ ಸೊರಟೂರು, ಶಿರಹಟ್ಟಿ ಅಂತ ಎಷ್ಟು ಊರು ದಾಟಬೇಕು! ಸಮುದ್ರ ದಾಟಿದ ಮೇಲೆ ನೋಡಿ, ಅದೆಲ್ಲ ಹಿತ್ತಲೇ. ಆ ಹೆಂಗಸನ್ನು ನಾನು ಅವತ್ತಿನಿಂದ, ಅವರ ಮಾತಿನಲ್ಲಿ ಅಕ್ಕ ಅನ್ನುವ ಹಾಗೆ, ಆಪಾ ಅಂತ ಕರೆದೆ. ಆಕೆಯ ಗಂಡನನ್ನು ಎಲ್ಲರಂತೆ ಭಾಯ್ ಅಂದೆ. ಭಾಯ್ ದರ್ಜಿ, ಒಂದು ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಕೂತು ಅರಬರ ಉದ್ದನೆ ಅಂಗಿ ಹೊಲಿಯುವ ಕೆಲಸ. ಅವರಿಗೆ ಒಬ್ಬಳೇ ಮಗಳು, ಗದಗಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಭಾಯ್ ಹೊಲಿದದ್ದೆಲ್ಲ ಅವಳ ಓದಿಗೆ ಮತ್ತು ಲಕ್ಷ್ಮೇಶ್ವರದ ಮುದಿ ತಾಯಿಯ ಔಷಧಿಗೆ.

ನನ್ನ ಗಂಡ ಕೊರ್ಲಹಳ್ಳಿಯವನು, ಹೊಳೆ ದಂಡೆಯಲ್ಲಿ ಈಜಿ ಬೆಳೆದವನು. ಅವನ ನಸೀಬಿಗೆ ಸಿಕ್ಕದ್ದು ಮರಳುಗಾಡಿನಲ್ಲಿ ಪೈಪ್‌ಲೈನ್ ಕೆಲಸ. ಸೈಟಿನಲ್ಲೇ ಕ್ಯಾಂಪು, ವಾರಕ್ಕೊಮ್ಮೆ ಮನೆಗೆ ಬಂದು, ತಿಂದು, ಮಲಗಿ, ಮತ್ತೆ ಹೊರಡುವುದು. ಹಾಗಾಗಿ ನನ್ನ ಸಂಸಾರ ಅಂತ ನಡೆದದ್ದು ಖರೆ ಹೇಳಬೇಕೆಂದರೆ ಆಪಾನ ಜೊತೆಗೇ.

ನಾನು ಈರುಳ್ಳಿ ಬೆಳ್ಳುಳ್ಳಿ ತಿನ್ನುವ ಶಾಕಾಹಾರಿ. ಅವರದು ವಾರಕ್ಕೆರಡು ದಿನ ಮಟನ್. ಒಲೆಯ ಎಡಗಡೆ ನನ್ನದು, ಬಲಗಡೆ ಅವರದು, ನಡುವೆ ಒಂದು ಅಕ್ಕಿ ಡಬ್ಬಿ ಗಡಿಯ ಹಾಗೆ. ಮೊದಲು ನಾನು ಆ ದಿನಗಳಲ್ಲಿ ಬಾಲ್ಕನಿಯಲ್ಲಿ ಮೂಗು ಹಿಡಿದುಕೊಂಡು ಕೂರುತ್ತಿದ್ದೆ. ಬಸುರಿಯಾದ ಮೇಲೆ ಮಟನ್ ಬಿಡಿ, ಅನ್ನದ ಗಂಜಿಯ ವಾಸನೆಗೂ ಹೊಟ್ಟೆ ಕಿತ್ತು ಬಾಯಿಗೆ ಬರುತ್ತಿತ್ತು. ಒಂದು ದಿನ ಗಮನಕ್ಕೆ ಬಂತು, ಮನೆಯಲ್ಲಿ ಮಟನ್ ವಾಸನೆಯೇ ಇಲ್ಲ. ನಾನು, "ಆಪಾ, ನೀವೂ ನಮ್ಮ ಜಾತಿಗೆ ಬಂದ್ರೇನು?" ಅಂತ ನಗೆಚಾಟಿಕೆ ಮಾಡಿದೆ. "ತುಟ್ಟಿ ಆಗೇತಿ ಮಗಳ" ಅಂದರು. ಒಂದು ತಿಂಗಳಾದ ಮೇಲೆ ನಾಲ್ಕನೇ ಅಂತಸ್ತಿನ ಲಾಹೋರಿನ ಹೆಂಗಸು ಲಿಫ್ಟಿನಲ್ಲಿ ಸಿಕ್ಕು, ನನ್ನ ಹೊಟ್ಟೆ ನೋಡಿ, "ನಿಮ್ಮ ಆಪಾ ನಿನಗಾಗಿ ಪಾತ್ರೆ ಹೊತ್ತುಕೊಂಡು ನನ್ನ ಮನೆಗೆ ಬಂದು ಅಡಿಗೆ ಮಾಡುತ್ತಾಳೆ. ಗಂಡ ಹೆಂಡತಿ ಅಲ್ಲೇ ಊಟ ಮಾಡಿ, ಬಾಯಿ ಮುಕ್ಕಳಿಸಿ ಕೆಳಗೆ ಇಳಿಯುತ್ತಾರೆ" ಅಂತ ಹಿಂದಿಯಲ್ಲಿ ಹೇಳಿದಳು. ನಾನು ಲಿಫ್ಟಿನಲ್ಲೇ ಗೋಳೋ ಅಂತ ಅತ್ತೆ. ಆಗೆಲ್ಲ ನನಗೆ ಅಳು ಬಾಗಿಲಲ್ಲೇ ಇರುತ್ತಿತ್ತು.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೇ ತಿಂಗಳಿಗೆ ಊರಿಗೆ ಹೋಗುವುದು ಅಂತ ಟಿಕೆಟ್ಟನ್ನೂ ತೆಗೆಸಿ ಆಗಿತ್ತು. ಆದರೆ ಆರನೇ ತಿಂಗಳ ಕೊನೆಯಲ್ಲಿ ಸ್ವಲ್ಪ ರಕ್ತ ಕಂಡಿತು. ಡಾಕ್ಟರು ನೋಡಿ, ಕೂಸಿಗೆ ಹತ್ತಿಕೊಂಡ ಮಾಸು ಗರ್ಭದಲ್ಲಿ ಕೆಳಗೆ ಇದೆ, ವಿಮಾನ ಬೇಡ, ಮೆಟ್ಟಿಲು ಬೇಡ, ಗಾಬರಿ ಬೇಡ ಅಂದರು. ಮೂರು ಬೇಡಗಳಲ್ಲಿ ಮೂರನೆಯದು ಯಾರ ಕೈಯಲ್ಲಿದೆ ಹೇಳಿ? ನಾನು ಬರುವುದಿಲ್ಲ ಅಂತಾದರೆ ಅವ್ವನೇ ಬರುವುದು ಅಂತ ಯೋಚನೆಯಾಯಿತು. ಅಷ್ಟರಲ್ಲಿ ನಮ್ಮ ಅಪ್ಪ ಬೆಟಗೇರಿಯಲ್ಲಿ ಸೈಕಲ್ ಮೇಲಿಂದ ಬಿದ್ದು ತೊಡೆ ಮುರಿದುಕೊಂಡ. ಅವನು ಮಗ್ಗದ ಮುಂದೆ ಬಿಟ್ಟರೆ ಇನ್ನೆಲ್ಲೂ ಸುಮ್ಮನೆ ಕೂರುವ ಮನುಷ್ಯನಲ್ಲ. ಅವನನ್ನು ಮಂಚದ ಮೇಲೆ ಹಿಡಿದಿಡಲು ಅವ್ವನೇ ಬೇಕಾಯಿತು.

"ಬಸುರಿ ಮಗಳನ್ನ ಬಿಟ್ಟು ಗಂಡನ್ನ ಕಾಯೂದು ನನ್ನ ಹಣ್ಯಾಗ ಬರದಿತ್ತೇನು?" ಅಂತ ಅವ್ವ ಫೋನಿನಲ್ಲಿ ಅತ್ತಳು. ನಾನು ಇಲ್ಲಿ ಅತ್ತೆ. ಫೋನ್ ಹಿಡಿದುಕೊಂಡಿದ್ದ ಆಪಾ ನಮ್ಮಿಬ್ಬರನ್ನೂ ಗದರಿದರು. "ಅಕ್ಕಾರ, ನಾ ಇಲ್ಲೇನು? ನೀವು ಅಲ್ಲೆ ಅಳತೀರಿ, ಇಕಿ ಇಲ್ಲೆ ಅಳತಾಳ, ನಡುವ ನಾ ಯಾರ ಕಣ್ಣು ಒರಸಲಿ?"

ಮಾತಿಗೆ ಅಂದದ್ದಲ್ಲ ಅದು. ನನ್ನ ಕುಬಸ ಮಾಡಿದವರೂ ಆಪಾನೇ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರಕ್ಕೆ ನಮ್ಮ ಕಡೆ ಕುಬಸ ಅನ್ನುತ್ತಾರೆ. ಕುಬಸ ಅಂದರೆ ರವಿಕೆಯೂ ಹೌದು, ಅದನ್ನು ಭಾಯ್ ತಮ್ಮ ಕೈಯಿಂದಲೇ ಹಸಿರು ಬಟ್ಟೆಯಲ್ಲಿ ಹೊಲಿದರು. ಮೈ ದಿನಕ್ಕೊಂದು ಅಳತೆ ಆಗುತ್ತಿದ್ದರೂ ಅದು ಸರಿಯಾಗಿ ಕೂತಿತು. ಕೆಳಗಿನ ಮನೆಯ ಕೇರಳದ ನರ್ಸು ಪಾಯಸ ತಂದಳು, ಮಂಗಳೂರಿನ ಹೆಂಗಸೊಬ್ಬಳು ಮಲ್ಲಿಗೆ ದಂಡೆ ತಂದಳು. ಲಾಹೋರಿನಾಕೆ ಹಾಡು ಹೇಳಿದಳು. ಒಂದು ಅಕ್ಷರ ತಿಳಿಯಲಿಲ್ಲ, ಆದರೂ ನಾವೆಲ್ಲ ಚಪ್ಪಾಳೆ ಬಡಿದೆವು. ಉಡಿ ತುಂಬುವ ಹೊತ್ತಿಗೆ ಆಪಾ ಅಕ್ಕಿ ಬಟ್ಟಲು ಹಿಡಿದುಕೊಂಡು ತಡೆದು ನಿಂತರು. "ನಾ ತುಂಬಿದ್ರ ನಡೀತೈತೇನು ಮಗಳ? ನಿಮ್ಮವರ ಕಡಿ ಏನೇನು ಇರತೈತೋ" ಅಂದರು. "ನೀವು ತುಂಬದಿದ್ರ ಯಾರು ತುಂಬಬೇಕ್ರಿ? ಲಗೂ ತುಂಬ್ರಿ, ಬೆನ್ನು ನೋಯಾಕತ್ತೈತಿ" ಅಂತ ನಾನು ಸೆರಗು ಒಡ್ಡಿದೆ. ಆಕೆ ತುಂಬಿದರು.

ಇನ್ನು ಅಂಟಿನುಂಡಿಯ ಕಥೆ.

ನಮ್ಮಲ್ಲಿ ಹೆರಿಗೆಯಾದ ಹೆಂಗಸಿಗೆ ಅಂಟಿನುಂಡಿ ತಿನ್ನಿಸದ ತಾಯಿ ತಾಯಿಯೇ ಅಲ್ಲ. ಗಿಡದಿಂದ ಬರುವ ತಿನ್ನುವ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬಾದಾಮಿ, ಬೆಲ್ಲ ಹಾಕಿ ಕಟ್ಟುವ ಉಂಡೆ. ಸೊಂಟ ಗಟ್ಟಿ ಆಗಬೇಕು, ಎದೆಹಾಲು ಇಳಿಯಬೇಕು, ಕೂಸು ನಿದ್ದೆ ಮಾಡಬೇಕು. ಎಲ್ಲಕ್ಕೂ ಅದೇ ಮದ್ದು. ಮತ್ತು ಅದರಲ್ಲಿ ಗಸಗಸೆ ಬೀಳಲೇಬೇಕು. ಗಸಗಸೆ ಇಲ್ಲದ ಅಂಟಿನುಂಡಿಯನ್ನು ನಮ್ಮ ಕೇರಿಯಲ್ಲಿ ಯಾರ ಮನೆಗಾದರೂ ಕೊಟ್ಟರೆ ಹಿಂದಿನಿಂದ ನಗುತ್ತಾರೆ.

ಆದರೆ ಆ ದೇಶದಲ್ಲಿ ಗಸಗಸೆ ಅಂದರೆ ಅಫೀಮಿನ ಬೀಜ. ತರುವುದು ಅಪರಾಧ. ಹೊಸದಾಗಿ ಬಂದವರಿಗೆ ಹಳಬರು ಹೇಳಿಕೊಡುವ ಮೊದಲ ಪಾಠವೇ ಇದು: ಉಪ್ಪಿನಕಾಯಿ ತಾ, ಹಪ್ಪಳ ತಾ, ಬೇಕಾದರೆ ಒಲೆಗಲ್ಲೂ ತಾ, ಗಸಗಸೆ ಮಾತ್ರ ತರಬೇಡ. ಸಿಕ್ಕಿಬಿದ್ದವರ ಕಥೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಇರುತ್ತಿತ್ತು. ಕೇಸು, ಜೈಲು, ಆಮೇಲೆ ಜನ್ಮದಲ್ಲಿ ಮತ್ತೆ ಆ ದೇಶದ ಮುಖ ನೋಡುವ ಹಾಗಿಲ್ಲ. ಅವ್ವನಿಗೆ ನಾನು ಒಂದಲ್ಲ ಹತ್ತು ಸಲ ಹೇಳಿದ್ದೆ.

"ಅಡಿಗಿ ಸಾಮಾನಿಗೆ ಜೈಲಂತ! ಯಾವ ಸೀಮಿ ದೇಶನವ್ವಾ ಅದು?" ಅಂತ ಅವ್ವ ಬೈದಿದ್ದಳು. "ಆತು, ಹಾಕೂದಿಲ್ಲ ಬಿಡು."

ಭಾಯ್ ಆಗ ಒಂದು ತಿಂಗಳ ರಜೆಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ವಾಪಸು ಬರುವಾಗ ಗದಗಿಗೆ ಬಂದು ಮಗಳನ್ನು ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಅವ್ವನ ಕೈಯಿಂದ ಉಂಡಿ ಡಬ್ಬಿ ಇಸಿದುಕೊಂಡು, ಅಲ್ಲಿಂದ ಮುಂಬೈಗೆ ಹೋಗಿ ವಿಮಾನ ಹತ್ತುವುದು ಅಂತ ಠರಾವಾಗಿತ್ತು. ನನಗಾಗ ಎಂಟು ತಿಂಗಳು ತುಂಬಿತ್ತು. ಅವರು ಬರುವ ದಿನ ಬೆಳಿಗ್ಗೆ ಮುಂಬೈಯಿಂದ ಆಪಾಗೆ ಫೋನ್ ಮಾಡಿ, "ಒಳಗ ಹೋಗಾಕತ್ತೀನಿ. ಇಲ್ಲಿ ಸಿಮ್ ತಗದು ಅಲ್ಲಿದು ಹಾಕತೀನಿ. ಇನ್ನ ಇಳದ ಮ್ಯಾಲೇ ಮಾತು" ಅಂದರು.

ಸ್ವಲ್ಪ ಹೊತ್ತಿಗೆ ಅವ್ವನ ಫೋನು ಬಂತು. ನಾನು ಅಡಿಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದೆ. ಆಪಾ ಪಕ್ಕದಲ್ಲಿ ರೊಟ್ಟಿ ತಟ್ಟುತ್ತಿದ್ದರು. ನಮ್ಮ ಅಭ್ಯಾಸದಂತೆ ಸ್ಪೀಕರ್ ಹಾಕಿಟ್ಟೆ.

"ಅಣ್ಣಾರು ಬಂದು ಮುಟ್ಟಿದ್ರೇನು?"

"ಇಲ್ಲವ್ವ, ಈಗ ವಿಮಾನ ಹತ್ತಾಕತ್ತಾರ."

"ಹಡದ ಮ್ಯಾಲೆ ಉಂಡಿ ದಿನಾ ಮುಂಜಾನೆ ಒಂದು ತಿನ್ನು. ಮಂದಿಗೆ ಹಂಚಿಗಿಂಚಿ ಬಿಟ್ಟೀ! ಸೊರಟೂರಿಂದ ಎಮ್ಮಿ ತುಪ್ಪ ತರಿಸಿ ಮಾಡೀನಿ." ಅವ್ವ ದನಿ ತಗ್ಗಿಸಿದಳು. ಗುಟ್ಟು ಹೇಳುವಾಗ ಅವಳ ದನಿ ತಗ್ಗುತ್ತದೆ, ಆದರೆ ಖುಷಿ ತಗ್ಗುವುದಿಲ್ಲ. "ಒಂದು ಹೇಳತೀನಿ, ಬೈಬ್ಯಾಡ. ಗಸಗಸಿ ಹಾಕೀನಿ."

ನನ್ನ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು.

"ಹುರದು ಪುಡಿ ಮಾಡಿ ಒಳಗ ಹಾಕೀನಿ, ಯಾರಪ್ಪಗ ಗೊತ್ತಾಗತೈತಿ? ಕಡೀಗೆ ಮನಸ್ಸು ತಡೀಲಿಲ್ಲ, ಚಂದ ಕಾಣಲಿ ಅಂತ ಮ್ಯಾಲೂ ಒಂದೀಟು ಹೊರಳಿಸೀನಿ. ಕೂಸು ಸುಖದಿಂದ ನಿದ್ದಿ ಮಾಡಬೇಕೋ ಬ್ಯಾಡೋ? ಗಸಗಸಿ ಇಲ್ಲದ ಉಂಡಿ ಕಳಸಾಕ ನಾ ಏನು ಮಲತಾಯೇನು?"

ಬಾಯಿ ತೆರೆದು ಚೀರಬೇಕು ಅನ್ನುವಷ್ಟರಲ್ಲಿ ಹಿಟ್ಟು ಮೆತ್ತಿದ ಕೈ ನನ್ನ ಬಾಯಿಯ ಮೇಲೆ ಬಿತ್ತು. ಆಪಾ ಇನ್ನೊಂದು ಕೈಯಿಂದ ಫೋನನ್ನು ತಮ್ಮ ಕಡೆ ಸರಿಸಿಕೊಂಡರು. ಡಬ್ಬಿ ಹೊತ್ತು ಬರುತ್ತಿರುವುದು ಆಕೆಯ ಗಂಡ. ಆಕೆಯ ಮುಖದಲ್ಲಿ ರಕ್ತ ಇರಲಿಲ್ಲ. ಆದರೂ ಆಕೆ ಫೋನಿಗೆ ಹೇಳಿದ್ದು ಇಷ್ಟು:

"ಚಲೋ ಮಾಡಿದ್ರಿ ಬಿಡ್ರಿ ಅಕ್ಕಾರ. ಬಾಣಂತಿಗೆ ಗಸಗಸಿ ಬೇಕಽ ಬೇಕು. ಇಕಿ ತಿಂತಾಳ, ನಾ ತಿನ್ನಸತೀನಿ."

"ಹಂಗನ್ರಿ ತಂಗಿ! ಇಕಿಗೆ ತಿಳಿಯಂಗಿಲ್ಲ, ಸಣ್ಣಾಕಿ" ಅಂತ ಅವ್ವ ನೆಮ್ಮದಿಯಿಂದ ಫೋನ್ ಇಟ್ಟಳು.

ಆಪಾ ಒಲೆ ಆರಿಸಿದರು. ಭಾಯ್ ಅವರ ಊರಿನ ನಂಬರಿಗೆ ಹಚ್ಚಿದರು, ಬಂದ್. ಇಲ್ಲಿನ ನಂಬರಿಗೆ ಹಚ್ಚಿದರು, ಬಂದ್. ಲಕ್ಷ್ಮೇಶ್ವರಕ್ಕೆ ಹಚ್ಚಿದರೆ ಮೈದುನ, "ಅಣ್ಣ ಮುಂಜಾನೇ ಮಾತಾಡಿದ್ನಲ್ರಿ, ಒಳಗ ಹೋಗ್ಯಾನ" ಅಂದ. ಆಕೆ ಅವನಿಗೂ ಏನೂ ಹೇಳಲಿಲ್ಲ. ಮತ್ತೆ ಮತ್ತೆ ಅವೇ ಎರಡು ನಂಬರು ಒತ್ತಿದರು.

ನನಗೆ ಅವ್ವನ ಮೇಲೆ ಸಿಟ್ಟು ಉಕ್ಕಿ ಬಂತು. "ಅಕಿಗೆ ಹತ್ತು ಸಲ ಹೇಳಿದ್ದೆ ಆಪಾ! ಹತ್ತು ಸಲ! ನನ್ನ ಉಂಡಿ ಸಲುವಾಗಿ ನಿಮ್ಮ ಮನಿ ಮುರೀತಾಳ ಅಕಿ. ಕೊಡ್ರಿ ಫೋನ್, ಈಗಽ ಕೇಳತೀನಿ ಅಕಿನ್ನ."

ಆಪಾ ಫೋನನ್ನು ಹಿಂದೆ ಹಿಡಿದುಕೊಂಡರು. "ಕೇಳಿ?"

"ಕೇಳಿ ಅಂದ್ರ? ಅಕಿಗೆ ಗೊತ್ತಾಗಲಿ ಏನು ಮಾಡ್ಯಾಳಂತ."

"ಗೊತ್ತಾಗಿ ಏನು ಮಾಡತಾಳ ಅಲ್ಲಿಂದ? ವಿಮಾನ ಹಿಡದು ನಿಲ್ಲಸತಾಳೇನು? ಎದಿ ಒಡಕೊಂಡು ಬೀಳತಾಳ ಅಷ್ಟಽ. ಅಲ್ಲಿ ಕಾಲು ಮುರದ ಗಂಡ, ಇಲ್ಲಿ ಬಸುರಿ ಮಗಳು. ನಡುವ ಇದೊಂದು ಹೊರಸಬೇಕೇನು ಅಕಿ ತಲಿ ಮ್ಯಾಲೆ?" ಆಕೆ ನನ್ನ ರಟ್ಟೆ ಹಿಡಿದು ಸ್ಟೂಲಿನಿಂದ ಎಬ್ಬಿಸಿದರು. "ನೀ ಎಡಗಡಿ ಹೊಳ್ಳಿ ಮಕ್ಕೋ ನಡಿ. ಡಾಕ್ಟರ್ ಏನಂದಾರ? ಗಾಬರಿ ಬ್ಯಾಡ ಅಂದಾರ."

ನಾನು ಮಲಗಿದೆ. ಮಲಗಿದರೆ ಏನು ಬಂತು? ಹೊಟ್ಟೆ ಕಲ್ಲಿನ ಹಾಗೆ ಬಿಗಿಯುತ್ತಿತ್ತು, ಸಡಿಲಾಗುತ್ತಿತ್ತು. ಭಾಯ್ ಸಿಕ್ಕಿಬಿದ್ದರೆ ಏನಾಗುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಅಷ್ಟು ವರ್ಷ ಹೊಲಿದ ಕೈಗೆ ಬೇಡಿ. ಮಗಳ ಓದು ನಿಂತಂತೆ. ಈ ಅರ್ಧ ಮನೆ ಖಾಲಿ. ಮತ್ತು ಒಂದು ವೇಳೆ ಗಾಬರಿಯಲ್ಲಿ ನನಗೇನಾದರೂ ಆದರೆ, ಅದನ್ನೂ ಆಕೆಯೇ ನೋಡಬೇಕು. ಆಪಾ ಕೆಳಗಿನ ಕೇರಳದ ನರ್ಸನ್ನು ಕರೆದುಕೊಂಡು ಬಂದರು. ಅವಳು ಬಿಪಿ ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು, "ಇದು ನೋವಲ್ಲ, ಬರೀ ಹೆದರಿಕೆ. ಏನಾಯಿತು?" ಅಂದಳು. "ತವರು ನೆನಪಾಗಿದೆ" ಅಂತ ಆಪಾ ಹಿಂದಿಯಲ್ಲಿ ಉತ್ತರ ಕೊಟ್ಟರು. ಬಾಯಲ್ಲಿ ಸುಳ್ಳು, ಕೈಯಲ್ಲಿ ನನಗೆ ಮಜ್ಜಿಗೆ ಲೋಟ.

ಮಧ್ಯಾಹ್ನದ ನಮಾಜಿಗೆ ಆಕೆ ನನ್ನ ಕೋಣೆಯಲ್ಲೇ ಚಾಪೆ ಹಾಸಿಕೊಂಡರು, ನನ್ನನ್ನು ಒಬ್ಬಳನ್ನೇ ಬಿಡಬಾರದು ಅಂತ. ಹಣೆ ನೆಲಕ್ಕೆ ಹಚ್ಚಿದವರು ಬಹಳ ಹೊತ್ತು ಏಳಲಿಲ್ಲ. ನಾನು ಇತ್ತ ನಮ್ಮ ಮನೆದೇವರನ್ನು ಕರೆದೆ. ಹರಕೆ ಹೊತ್ತೆ. ಆ ಹರಕೆಯಲ್ಲಿ ನನ್ನ ಕೂಸಿನ ಹೆಸರನ್ನೇ ನಾನು ಎತ್ತಲಿಲ್ಲ, ಭಾಯ್ ಒಬ್ಬರು ಬಾಗಿಲಿಗೆ ಬಂದರೆ ಸಾಕು ಅಂದೆ. ದೇವರೇ, ಯಾವ ತಾಯಿಯೂ ಹಾಗೆ ಬೇಡುವ ಹೊತ್ತು ಬರಬಾರದು.

ವಿಮಾನ ಇಳಿಯುವ ಹೊತ್ತು ಆಯಿತು. ಫೋನಿಲ್ಲ. ಇಳಿದ ಮೇಲೆ ಹೊರಗೆ ಬರುವ ಹೊತ್ತೂ ಆಯಿತು. ಫೋನಿಲ್ಲ. ಆಪಾ ಆಗ ಎದ್ದು ಹೋಗಿ, ನಿಂತುಹೋಗಿದ್ದ ರೊಟ್ಟಿಯನ್ನು ಮತ್ತೆ ತಟ್ಟತೊಡಗಿದರು. ಪರಾತದ ಮೇಲೆ ಪಟಪಟ ಸದ್ದು ಕೇಳಿಸುತ್ತಿತ್ತು. ತಿನ್ನುವವರು ಇಬ್ಬರು, ಆಕೆ ಒಂದು ರಾಶಿ ರೊಟ್ಟಿ ತಟ್ಟಿದರು.

ಬಾಗಿಲ ಗಂಟೆ ಬಡಿಯಿತು.

ಡಾಕ್ಟರು ಹೇಳಿದ್ದೆಲ್ಲ ಮರೆತು ನಾನು ಎದ್ದು ಓಡಿದೆ. ಆಪಾ ಬಾಗಿಲು ತೆರೆದರು. ಭಾಯ್ ನಿಂತಿದ್ದರು. ಗಾಲಿ ಚೀಲ ಒಂದು ಕೈಯಲ್ಲಿ, ಬೆವರು ಒರೆಸುವ ಕರವಸ್ತ್ರ ಇನ್ನೊಂದು ಕೈಯಲ್ಲಿ. "ಫೋನಿನ ಚಾರ್ಜೇ ಹೋಗಿತ್ತು ನೋಡ್ರಿ, ಏನು ಬಿಸಲು..." ಅನ್ನುತ್ತ ಒಳಗೆ ಬಂದವರು ನಮ್ಮ ಮುಖ ನೋಡಿ ನಿಂತರು.

"ಡಬ್ಬಿ?" ಅಂದರು ಆಪಾ.

ಭಾಯ್ ನನ್ನ ಕಡೆ ನೋಡಿ ತಲೆ ತಗ್ಗಿಸಿದರು. "ತಪ್ಪು ತಿಳೀಬ್ಯಾಡ ಬೇಟಿ. ನಿಮ್ಮ ಅವ್ವಾರ ಉಂಡಿ ತರಲಿಲ್ಲ. ಮುಂಬೈದಾಗಽ ಬಿಟ್ಟೆ."

ಆಪಾ ಚಪ್ಪಲಿ ಇಡುವ ಸ್ಟ್ಯಾಂಡಿನ ಮೇಲೆ ಕುಸಿದು ಕೂತರು. ಬೆಳಿಗ್ಗೆಯಿಂದ ಒಂದು ಹನಿ ಕಣ್ಣೀರು ಹಾಕದವರು ಆಗ ಬಿಕ್ಕಿ ಬಿಕ್ಕಿ ಅತ್ತರು. ಅಳುತ್ತಲೇ ಗಂಡನನ್ನು ಬೈದರು. "ಬಾಯಿ ಇರಲಿಲ್ಲೇನು ನಿಮಗ? ಫೋನ್ ಮಾಡಿದವರು ಒಂದು ಮಾತು ಹೇಳಾಕ ಬರತಿರಲಿಲ್ಲೇನು? ಜೀವ ಹೋಗಿ ಬಂತಲ್ರಿ ನಮ್ದು!"

ಪಾಪ, ಆ ಮನುಷ್ಯನಿಗೆ ಏನೂ ತಿಳಿಯಲಿಲ್ಲ. ನೀರು ಕುಡಿದು, ಕೂತು, ನಿಧಾನವಾಗಿ ಹೇಳಿದರು. ಪರದೇಶಕ್ಕೆ ಯಾರ ಗಂಟನ್ನೂ ಬಿಚ್ಚಿ ನೋಡದೆ ಒಯ್ಯಬಾರದು ಅನ್ನುವುದು ಅವರು ಅಷ್ಟು ವರ್ಷದಿಂದ ನಡೆಸಿಕೊಂಡು ಬಂದ ನೇಮ. ಆದರೆ ಗದಗಿನಲ್ಲಿ ಅವ್ವನ ಮುಂದೆ ಬಿಚ್ಚಲು ಮನಸ್ಸು ಒಪ್ಪಲಿಲ್ಲವಂತೆ. "ತಾಯಿ ಕಟ್ಟಿದ ಗಂಟು. ಅಕಿ ಮುಂದಽ ಬಿಚ್ಚಿ ನೋಡಿದ್ರ ಅಕಿಗೆ ಹೆಂಗ ಅನಿಸಬೇಕು?" ಮುಂಬೈಯಲ್ಲಿ ಇಳಿದು, ವಿಮಾನ ನಿಲ್ದಾಣದ ಹೊರಗೆ ಕೂತು ಬಿಚ್ಚಿದ್ದಾರೆ. ಒಂದು ಉಂಡೆ ಮುರಿದು ಬಾಯಿಗೆ ಹಾಕಿಕೊಂಡಿದ್ದಾರೆ.

"ನಮ್ಮ ಅವ್ವನೂ ಹಿಂಗಽ ಮಾಡಿದ್ಲು, ನಮ್ಮ ಮಗಳು ಹುಟ್ಟಿದಾಗ. ಮ್ಯಾಲಿನ ಕಾಳು ನೋಡಿ ಸಂಶೆ ಬಂತು, ನಾಲಿಗಿಗೆ ಖಾತ್ರಿ ಆತು, ಗಸಗಸಿ" ಅಂದರು. "ಅಲ್ಲೆ ಟ್ಯಾಕ್ಸಿಯವರಿಗೆ, ಕಸ ಹೊಡಿಯೂ ಹೆಣಮಕ್ಕಳಿಗೆ ಹಂಚಿದೆ. ಒಬ್ಬಾಂವ ಎರಡು ತಿಂದು, ಚಾಚಾ, ಇನ್ನೊಂದು ಕೊಡ್ರಿ ಅಂದ. ಫೋನಿನ್ಯಾಗ ಹೆಂಗ ಹೇಳಲಿ? ನೀವಿಬ್ರೂ ಸ್ಪೀಕರ್ ಹಾಕಿ ಮಾತಾಡೂ ಮಂದಿ. ಎಂಟು ತಿಂಗಳ ಬಸುರಿಗೆ ತವರಿನ ಉಂಡಿ ಬರಂಗಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ."

ಆಮೇಲೆ ಚೀಲ ತೆರೆದು ಒಂದು ಪ್ಲಾಸ್ಟಿಕ್ ಕವರು ತೆಗೆದರು. ಒಳಗೆ ಒದ್ದೆಯಾದ ಬಟ್ಟೆ ಮಡಿಸಿ ಇಟ್ಟಿತ್ತು. ಬಿಡಿಸಿ ನೋಡಿದರೆ ಅವ್ವನ ಹಳೇ ಹತ್ತಿ ಸೀರೆಯ ಅರ್ಧ. ನಮ್ಮಲ್ಲಿ ಹುಟ್ಟಿದ ಕೂಸನ್ನು ಮೊದಲು ಹೊಸ ಬಟ್ಟೆಯಲ್ಲಿ ಹಾಕುವುದಿಲ್ಲ, ಅಜ್ಜಿಯ ಹಳೇ ಸೀರೆಯಲ್ಲಿ ಸುತ್ತುತ್ತಾರೆ. ಅವ್ವ ಡಬ್ಬಿಯನ್ನು ಅದರಲ್ಲೇ ಸುತ್ತಿ ಕೊಟ್ಟಿದ್ದಳು.

"ಗಸಗಸಿ ಕಾಳು ಉದುರಿ ಇದರ ತುಂಬ ಹತ್ತಿದ್ವು. ಝಾಡಿಸಿದ್ರ ಹೋಗಲಿಲ್ಲ. ಒಗಿಯೂದಕ್ಕೂ ಮನಸ್ಸಾಗಲಿಲ್ಲ, ಕೂಸಿನ ಅರಿವಿ" ಅಂದರು ಭಾಯ್. ಎಸೆಯಲು ಮನಸ್ಸಾಗಲಿಲ್ಲ ಅಂತ ಅರ್ಥ. "ಅಲ್ಲೇ ನಳದಾಗ ಎರಡು ಸಲ ತೊಳದೆ. ಮಡಿಕಿ ಬಿಚ್ಚಿ ಬಿಚ್ಚಿ ನೋಡೀನಿ, ಒಂದು ಕಾಳಿಲ್ಲ. ಹಿಂಡೀನಿ, ಆದರೂ ಒಣಗಿಲ್ಲ. ಬಾಲ್ಕನ್ಯಾಗ ಹಾಕ್ರಿ."

ನಮ್ಮ ಕಡೆ ಗಂಡಸು ಹೆಂಡತಿಯ ಸೀರೆಯನ್ನೇ ತೊಳೆಯುವುದಿಲ್ಲ. ಆ ಊರಿನಲ್ಲಿ, ಅಷ್ಟು ಜನರ ನಡುವೆ, ಗಡ್ಡ ನರೆತ ದರ್ಜಿಯೊಬ್ಬರು ನನ್ನ ಅವ್ವನ ಹಳೇ ಸೀರೆಯನ್ನು ನಳದ ಕೆಳಗೆ ತಿಕ್ಕಿ ತೊಳೆದು ತಂದಿದ್ದರು. ನಾನು ಅವರ ಕಾಲಿಗೆ ಬಗ್ಗಬೇಕೆಂದುಕೊಂಡೆ, ಹೊಟ್ಟೆ ಬಿಡಲಿಲ್ಲ. "ಅರೇ, ಏನು ಮಾಡ್ತಿ ಬೇಟಿ, ಬ್ಯಾಡ" ಅಂತ ಅವರೇ ಸಂಕೋಚದಿಂದ ಹಿಂದೆ ಸರಿದರು. ಸೀರೆಯನ್ನು ಆಪಾ ಬಾಲ್ಕನಿಯಲ್ಲಿ ಹರವಿದರು. ಆ ಬಿಸಿಲಿಗೆ ಚಣದಲ್ಲಿ ಒಣಗಿತು.

ಒಂದು ತಿಂಗಳಿಗೆ ಮಗಳು ಹುಟ್ಟಿದಳು. ಡಾಕ್ಟರು ಹೆದರಿಸಿದಂತೆ ಏನೂ ಆಗಲಿಲ್ಲ. ಮಾಸು ತಾನಾಗಿ ಮೇಲೆ ಸರಿದಿತ್ತು. ಗಂಡ ಸೈಟಿನಿಂದ ಧೂಳು ಮೈಯಲ್ಲೇ ಓಡಿ ಬಂದ. ಆಪಾ ಕೂಸನ್ನು ಅವ್ವನ ಸೀರೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಅಂಟಿನುಂಡಿಯನ್ನು ಆಪಾನೇ ಕಟ್ಟಿದರು, ಗಸಗಸೆ ಇಲ್ಲದ್ದು. ಎಣ್ಣೆ ಹಚ್ಚಿದರು, ನೀರು ಹಾಕಿದರು, ಸೊಂಟಕ್ಕೆ ಬಟ್ಟೆ ಬಿಗಿದರು. ತವರಿನಲ್ಲೂ ಅಷ್ಟು ಬಾಣಂತನ ಆಗುತ್ತಿರಲಿಲ್ಲ. ಅವ್ವ ನನ್ನ ಹಟಕ್ಕೆ ಸೋಲುತ್ತಿದ್ದಳು, ಆಪಾ ಸೋಲಲಿಲ್ಲ.

ಅವ್ವ ಫೋನ್ ಮಾಡಿದಾಗೆಲ್ಲ ಅದೇ ಮಾತು. "ನೋಡಿದೇನು, ಕೂಸು ಎಷ್ಟು ಚಂದ ಮಕ್ಕೋತೈತಿ! ಎಲ್ಲಾ ನನ್ನ ಗಸಗಸಿ ಮಹಿಮೆ." ನಾನು ಹ್ಞೂಂ ಅನ್ನುತ್ತಿದ್ದೆ. ಖರೆ ಹೇಳಿಬಿಡೋಣ ಅಂತ ಒಂದೆರಡು ಸಲ ಬಾಯಿ ತೆರೆದರೆ ಆಪಾ ಕಣ್ಣು ದೊಡ್ಡದು ಮಾಡುತ್ತಿದ್ದರು. "ನಿಮ್ಮ ಅವ್ವನ ಸಂತೋಷ ನಿನಗೇನು ಭಾರ ಆಗೇತಿ?" ಅನ್ನುತ್ತಿದ್ದರು. ಒಂದಷ್ಟು ದಿನವಾದ ಮೇಲೆ ಅವ್ವ ಆ ಮಾತು ಎತ್ತುವುದನ್ನು ಬಿಟ್ಟಳು. ನಾವೂ ಮರೆತಂತೆ ಇದ್ದೆವು.

ಕಳೆದ ರಜೆಗೆ ನಾವೆಲ್ಲ ಊರಿಗೆ ಬಂದಿದ್ದೆವು. ಮಗಳು ಈಗ ಓಡಾಡುತ್ತಾಳೆ, ಅಜ್ಜನ ಮಗ್ಗದ ನೂಲು ಕಿತ್ತು ಬೈಸಿಕೊಳ್ಳುತ್ತಾಳೆ. ಆಪಾ ಮತ್ತು ಭಾಯ್ ಲಕ್ಷ್ಮೇಶ್ವರದಿಂದ ಒಂದು ದಿನ ಬೆಟಗೇರಿಗೆ ಬಂದರು. ಅವ್ವ ಆಪಾನನ್ನು ಕಂಡದ್ದು ಅದೇ ಮೊದಲು. ಇಬ್ಬರೂ ಬಾಗಿಲಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತುಬಿಟ್ಟರು, ಒಳಗೆ ಬರುವುದೂ ಇಲ್ಲ, ಬಿಡುವುದೂ ಇಲ್ಲ. ಊಟವಾಯಿತು. ಭಾಯ್ ನಾಲ್ಕು ದಿನದಲ್ಲಿ ಮತ್ತೆ ವಿಮಾನ ಹತ್ತುವವರಿದ್ದರು. ಅವರು ಹೊರಟು ನಿಂತಾಗ ಅವ್ವ 'ಒಂದು ಚೂರು ನಿಂದರ್ರಿ' ಅಂತ ಒಳಗೆ ಹೋಗಿ ಒಂದು ಡಬ್ಬಿ ತಂದಳು.

ಅಂಟಿನುಂಡಿ. ನಾನು ಆಪಾನ ಮುಖ ನೋಡಿದೆ. ಆಪಾ ಗೋಡೆ ನೋಡಿದರು. ಭಾಯ್ ಎರಡು ಕೈ ಚಾಚಿ, "ಕೊಡ್ರಿ ಅಕ್ಕಾರ, ಹೋದ ಸಲದ ರುಚಿ ಇನ್ನೂ ಬಾಯಾಗ ಐತಿ" ಅಂದರು.

ಅವ್ವ ಡಬ್ಬಿಯನ್ನು ಕೊಡಲಿಲ್ಲ. ಹಾಗೇ ಹಿಡಿದುಕೊಂಡು, ಮುಚ್ಚಳ ತೆಗೆದು, ಅವರ ಕಣ್ಣ ಮುಂದೆ ಹಿಡಿದಳು. "ಬಿಚ್ಚಿ ನೋಡಿಽ ತಗೋರಿ ಅಣ್ಣಾರ" ಅಂದಳು. "ಈ ಸಲ ಗಸಗಸಿ ಹಾಕಿಲ್ಲ."

ಆಪಾ ಗೋಡೆಯಿಂದ ಕಣ್ಣು ತೆಗೆದು, "ನಿಮಗ ಯಾರು ಹೇಳಿದ್ರು ಅಕ್ಕಾರ?" ಅಂದರು.

"ನಮ್ಮ ಓಣಿ ಹುಡುಗ ಒಬ್ಬಾಂವ ದುಬೈದಾಗ ಇದ್ದು ಬಂದ. ಅವನ ಮುಂದ ನನ್ನ ಶಾಣೇತನ ಹೇಳಿಕೊಂಡೆ. ಅಂವ ಹಣಿ ಬಡಕೊಂಡು ಎಲ್ಲಾ ಬಿಡಿಸಿ ಹೇಳಿದ." ಅವ್ವ ಆಪಾನ ಕಡೆ ತಿರುಗಿದಳು. "ಅವತ್ತು ನೀವು, ತಂಗಿ, ಫೋನಿನ್ಯಾಗ ನನಗ ಚಲೋ ಮಾಡಿದ್ರಿ ಅಂದ್ರಿ. ನಿಮ್ಮ ಗಂಡ ಆ ಡಬ್ಬಿ ಹೊತ್ತಿದ್ರು. ಆದ್ರೂ ಅಂದ್ರಿ. ನೀವು ಮೂರೂ ಮಂದಿ ನನಗ ತಿಳೀಬಾರದಂತ ಇದ್ರಿ. ತಿಳದೈತಿ ಅಂತ ನಿಮಗ ಹೆಂಗ ಹೇಳಲಿ? ಒಬ್ಬಾಕೇ ಅತ್ತೆ. ಭಾಳ ದಿನ ಅತ್ತೆ."

ಆಪಾ ಅವಳ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ, ಅಪ್ಪ ಏನೂ ತಿಳಿಯದೆ ಮಗ್ಗದ ಕಡೆಯಿಂದ, "ಏನಾತಲೇ, ಯಾಕ ಅಳತೀರಿ?" ಅಂತ ಕೂಗುತ್ತಿದ್ದ.

ಭಾಯ್ ಡಬ್ಬಿಯಿಂದ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಮುಖ ಸೊಟ್ಟ ಮಾಡಿ ಅವ್ವನ ಕಡೆ ನೋಡಿದರು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಗಸಗಸಿ ಇಲ್ಲದ ಉಂಡಿ ಖರೇನಽ ಚಲೋ ಆಗೂದಿಲ್ಲ ಬಿಡ್ರಿ."

ಅವ್ವ ಅಳುತ್ತಿದ್ದವಳು ಹಾಗೇ ನಕ್ಕಳು.